ನೂರ ಮೂವತ್ತಮೂರನೆಯ ಕೀರ್ತನೆಗೆ ಅರ್ಧ ಲೀಟರ್ ಹರಳೆಣ್ಣೆ

ದೇವರ ವಾಕ್ಯವನ್ನು ಓದುವುದು ಸುಲಭ, ಅದರಂತೆ ನಡೆಯುವುದು ಕಷ್ಟ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರಲ್ಲಿ ಯಾರೂ ಗುಬ್ಬಿಯ ನಮ್ಮ ಅಜ್ಜಿಯ ಮನೆಯಲ್ಲಿ ಬೇಸಿಗೆ ರಜ ಕಳೆದವರಲ್ಲ. ಅಲ್ಲಿ ಓದುವುದೂ ಕಷ್ಟವೇ ಆಗಿತ್ತು. ನಡುಮನೆಗೆ ಇದ್ದದ್ದು ಒಂದೇ ಬಲ್ಬು, ಅದು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಇನ್ನೊಂದು ದೀಪ ಬೇಕಿತ್ತು. ತಾತನ ಬೈಬಲ್ಲಿನ ಅಕ್ಷರ ಸಾಸಿವೆ ಕಾಳಿನಷ್ಟು. ಅದನ್ನು ತಡವರಿಸಿ ಓದಿ ಮುಗಿಸಿದ ಮೇಲೆ ನಡೆಯುವ ಕಷ್ಟ ಬೇರೆ.

ಆಗಿನ್ನೂ ಮೊಬೈಲ್ ಎಂಬುದು ಗುಬ್ಬಿಯ ಒಬ್ಬಿಬ್ಬರು ಕೊಬ್ಬರಿ ವ್ಯಾಪಾರಿಗಳ ಸೊಂಟದಲ್ಲಿ ಮಾತ್ರ ಕಾಣುತ್ತಿತ್ತು. ಉಳಿದವರೆಲ್ಲ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದರು. ನಾವಿದ್ದದ್ದು ತುಮಕೂರಿನ ಮರಳೂರಿನಲ್ಲಿ. ಅಪ್ಪ ದೇವದಾಸ್, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ದಿನಾ ಮುಖಕ್ಷೌರ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕುವವರು. ಅವರ ತಮ್ಮ ವಿಕ್ಟರ್ ಚಿಕ್ಕಪ್ಪ ಉಪ್ಪಾರಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರಿಗೆ ಎದೆಯವರೆಗೆ ಗಡ್ಡ. ಚಿಕ್ಕಪ್ಪನ ಮಗಳು ಲಿಲ್ಲಿ ನನ್ನದೇ ವಯಸ್ಸಿನವಳು. ಇಬ್ಬರಿಗೂ ಆಗ ಹನ್ನೊಂದು.

ಅಜ್ಜಿ ಸೂಲಗಿತ್ತಿ ನರ್ಸಾಗಿದ್ದು ನಿವೃತ್ತಿಯಾದವಳು. ಗುಬ್ಬಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ನರ್ಸಮ್ಮ. ವಿಭೂತಿ ಹಚ್ಚಿದ ಮನೆಗಳಲ್ಲೂ ಸಾಬರ ಮನೆಗಳಲ್ಲೂ ಅರ್ಧ ಊರನ್ನು ಭೂಮಿಗಿಳಿಸಿದ್ದ ಕೈ ಅವಳದು. ನಿವೃತ್ತಿಯಾದ ಮೇಲೂ ಬಾಣಂತಿ ಮನೆಯವರು ಕೂಸಿಗೆ ಎಣ್ಣೆನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಒತ್ತಿದಳೆಂದರೆ ಎಂಥ ಚಂಡಿ ಮಗುವೂ ಕಣ್ಣು ಮುಚ್ಚುತ್ತಿತ್ತು. ಅವಳ ಸೆರಗಿಗೆ ಸದಾ ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ ಹೊಗೆ ಬೆರೆತ ವಾಸನೆ.

ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಬೈಬಲ್ಲಿನಿಂದ ದಿನಕ್ಕೊಂದು ಕೀರ್ತನೆ. ನೂರೈವತ್ತು ಮುಗಿದರೆ ಮಾರನೆಯ ದಿನ ಮತ್ತೆ ಒಂದನೆಯದು. ನೂರ ಎಪ್ಪತ್ತಾರು ವಾಕ್ಯಗಳ ನೂರ ಹತ್ತೊಂಬತ್ತನೆಯದನ್ನು ಸಹ ಒಂದೇ ಪಟ್ಟಿಗೆ ಓದಿಸುತ್ತಿದ್ದಳು, ಅಂದು ಬಂದ ನೆಂಟರು ಊಟಕ್ಕೆ ನಿಲ್ಲದೆ ಹೋಗುತ್ತಿದ್ದರು. ಓದಿದರೆ ಮುಗಿಯಲಿಲ್ಲ. ಅಜ್ಜಿ ಕನ್ನಡಕ ತೆಗೆದು ಒರೆಸುತ್ತ ಹೇಳುತ್ತಿದ್ದಳು, ನಾಳೆ ಇಷ್ಟು ಹೊತ್ತಿಗೆ ಇದರ ಅನ್ವಯ ಹೇಳ್ಬೇಕು. ಅಂದರೆ ಆ ಕೀರ್ತನೆಯ ಪ್ರಕಾರ ಇಪ್ಪತ್ತನಾಲ್ಕು ಗಂಟೆಯಲ್ಲಿ ಏನು ನಡೆದುಕೊಂಡೆ ಎಂಬುದನ್ನು ಒಪ್ಪಿಸಬೇಕು. ಸಭೆಯ ಹಿರಿಯರಿಗೂ ಇಲ್ಲದ ಈ ಪರೀಕ್ಷೆ ನಮಗಿತ್ತು.

ಆ ಬೇಸಿಗೆಗೆ ಹನ್ನೊಂದು ತಿಂಗಳ ಹಿಂದೆ ತಾತ ತೀರಿಕೊಂಡಿದ್ದರು. ತಾತ ಉಪದೇಶಿ. ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬಂದು ಮಾಡುವ ಕೆಲಸವನ್ನು ಉಳಿದೆಲ್ಲ ದಿನ ಸೈಕಲ್ಲಿನ ಮೇಲೆ ಹೋಗಿ ಮಾಡುತ್ತಿದ್ದವರು. ಚೇಳೂರಿನ ಕಡೆ ನಾಲ್ಕು ಮನೆ, ಕುಣಿಗಲ್ ಕಡೆ ಆರು ಮನೆ. ಅವರ ಸಮಾಧಿಗೆ ಕಲ್ಲು ಹಾಕಿಸಬೇಕು. ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಕೆಳಗೆ ಕೀರ್ತನೆಯ ಒಂದು ವಾಕ್ಯ. ಇಲ್ಲಿಯವರೆಗೆ ಅಣ್ಣತಮ್ಮಂದಿರಿಬ್ಬರೂ ಒಪ್ಪಿದ್ದರು. ಜಗಳ ಹತ್ತಿದ್ದು ಯಾವ ವಾಕ್ಯ ಎನ್ನುವುದಕ್ಕೆ.

ಅಪ್ಪನದು ಇಪ್ಪತ್ತಮೂರನೆಯ ಕೀರ್ತನೆ, ದೇವರನ್ನು ಕುರುಬನೆಂದು ಕರೆಯುವುದು. ತಾತ ನಲವತ್ತು ವರ್ಷ ಯಾರ ಮಣ್ಣಿಗೆ ಹೋದರೂ ಅದನ್ನೇ ಓದಿದವರು, ಅವರಿಗೆ ಅದೇ ತಕ್ಕದ್ದು ಎಂಬುದು ಅಪ್ಪನ ವಾದ. ಚಿಕ್ಕಪ್ಪನದು ನೂರ ಇಪ್ಪತ್ತೊಂದು, ಬೆಟ್ಟಗಳ ಕಡೆ ಕಣ್ಣೆತ್ತುವುದು. ತಾತ ಊರವರಿಗೆಲ್ಲ ಇಪ್ಪತ್ತಮೂರು ಓದಿ ಓದಿ ದಣಿದಿದ್ದರು, ತಮಗೋಸ್ಕರ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ, ಸೈಕಲ್ ಕ್ಯಾರಿಯರ್ ಮೇಲೆ ಕೂತು ನಾನೇ ಕೇಳಿದ್ದೇನೆ ಎಂಬುದು ಚಿಕ್ಕಪ್ಪನ ವಾದ. ಎರಡೂ ನಿಜವೇ. ಜಗಳ ಮುಗಿಯದಿರಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ನೆಲಕ್ಕೋ ಮನೆಗೋ ಬಡಿದಾಡುವ ಅಣ್ಣತಮ್ಮಂದಿರಾದರೆ ಕೋರ್ಟಿಗೆ ಕಳಿಸಬಹುದು. ಕೀರ್ತನೆಗೋಸ್ಕರ ಮಾತು ಬಿಟ್ಟವರನ್ನು ಎಲ್ಲಿಗೆ ಕಳಿಸುವುದು? ಅಯ್ಯನವರನ್ನು ಕೇಳಿದ್ದಾಯಿತು. ಅವರು ಎರಡೂ ದೇವರ ವಾಕ್ಯವೇ ಅಲ್ಲವೇ ಎಂದು ಹೇಳಿ, ಕಾಫಿ ಕುಡಿದು ಹೋದರು. ಕುಣಿಗಲ್‌ನ ಕಲ್ಲುಕುಟಿಗ ಬೋರಣ್ಣ ಹೆಸರು, ತಾರೀಖು ಕೊರೆದು, ಕೆಳಗಿನ ಅರ್ಧವನ್ನು ನುಣ್ಣಗೆ ಉಜ್ಜಿಟ್ಟು, ಗುಬ್ಬಿ ಕಡೆ ಬರುವವರೊಡನೆಲ್ಲ ಹೇಳಿ ಕಳಿಸುತ್ತಿದ್ದ: ಕೆಳಗಡೆ ಏನು ಬರೆಯಲಿ? ಉತ್ತರ ಹೋಗಲಿಲ್ಲ. ಅವನ ಹೆಂಡತಿ ಆ ಕಲ್ಲಿನ ಮೇಲೆ ಸಂಡಿಗೆ ಒಣಗಿಸುತ್ತಿದ್ದಾಳೆ ಎಂಬ ಸುದ್ದಿ ಬಂತು. ಸಮತಟ್ಟಾದ ಕಲ್ಲು, ಒಳ್ಳೆಯ ಬಿಸಿಲು. ಅವಳದೇನೂ ತಪ್ಪಿಲ್ಲ.

ಕಲ್ಲಿನ ವಿಷಯ ದೊಡ್ಡವರಿಗಿರಲಿ, ನನಗೆ ಬೇಕಾಗಿದ್ದವಳು ಲಿಲ್ಲಿ. ಪ್ರತಿ ಬೇಸಿಗೆಯಲ್ಲೂ ನಾವಿಬ್ಬರೂ ರಜ ಪೂರ್ತಿ ಅಜ್ಜಿಯ ಮನೆಯಲ್ಲೇ ಇರುತ್ತಿದ್ದೆವು. ಬೆಳಗ್ಗೆ ಕುಂಟೆಬಿಲ್ಲೆ, ಮಧ್ಯಾಹ್ನ ಉಪ್ಪುಕಾರ ಸವರಿದ ಮಾವಿನಕಾಯಿ ಕಚ್ಚುತ್ತ ಹುಣಸೆಬೀಜದಲ್ಲಿ ಅಳಗುಳಿಮಣೆ, ಅಜ್ಜಿ ಹುಣಸೆಹಣ್ಣು, ಬೆಲ್ಲ, ಜೀರಿಗೆ ಕುಟ್ಟಿ ಕಡ್ಡಿಗೆ ಮೆತ್ತಿ ಕೊಡುತ್ತಿದ್ದ ಚಿಗಳಿ. ಒಬ್ಬಳು ನೆಕ್ಕಿದ ಚಿಗಳಿಯನ್ನು ಇನ್ನೊಬ್ಬಳು ಅಳತೆ ನೋಡಿ ನೆಕ್ಕುತ್ತಿದ್ದಳು. ಆ ವರ್ಷ ದೊಡ್ಡವರು ರಜವನ್ನೂ ಪಾಲು ಮಾಡಿದರು. ಮೊದಲ ಹದಿನೈದು ದಿನ ನಾನು, ಆಮೇಲಿನ ಹದಿನೈದು ದಿನ ಲಿಲ್ಲಿ. ನಾನು ಬೆಳಗಿನ ಬಸ್ಸಿಗೆ ಗುಬ್ಬಿ ಬಿಡಬೇಕು, ಅವಳು ಮಧ್ಯಾಹ್ನದ ಬಸ್ಸಿಗೆ ಬಂದು ಇಳಿಯಬೇಕು. ಇಬ್ಬರೂ ಎದುರಾಗಬಾರದು. ರೈಲ್ವೆಯವರು ಸಹ ಎರಡು ಗಾಡಿಗಳನ್ನು ಇಷ್ಟು ಜಾಗ್ರತೆಯಿಂದ ತಪ್ಪಿಸುವುದಿಲ್ಲ.

ನಾನು ಹೋದ ದಿನಕ್ಕೆ ಸರದಿ ನೂರ ಇಪ್ಪತ್ತಕ್ಕೆ ಬಂದಿತ್ತು. ಸುಳ್ಳು ನಾಲಿಗೆಯ ವಿಷಯದ ಕೀರ್ತನೆ. ಮಾರನೆಯ ದಿನವೆಲ್ಲ ನಾನು ಸುಳ್ಳು ಹೇಳಲಿಲ್ಲ. ಆಡಲು ಜೊತೆ ಇಲ್ಲದವಳಿಗೆ ಸುಳ್ಳು ಹೇಳುವ ಸಂದರ್ಭವೇ ಕಡಿಮೆ. ಆಮೇಲೆ ಬಂದದ್ದು ಚಿಕ್ಕಪ್ಪನ ನೂರ ಇಪ್ಪತ್ತೊಂದು. ಅದರಲ್ಲಿ ಹಗಲಿನ ಬಿಸಿಲು ಬಡಿಯುವುದಿಲ್ಲ ಎಂಬ ಭರವಸೆ ಇತ್ತು. ಅದನ್ನು ನಂಬಿ ಉರಿಬಿಸಿಲಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡಿದೆ. ತಲೆ ಸುತ್ತು ಬಂತು. ಅಜ್ಜಿ ಮಜ್ಜಿಗೆ ಕುಡಿಸಿ, ಕೀರ್ತನೆ ಹಾಡಿದ ದಾವೀದ ಬೇರೆ, ನೀನು ಬೇರೆ, ತಲೆ ಮೇಲೆ ಟವಲ್ ಹಾಕ್ಕೊಬೇಕು ಎಂದಳು. ಕಣ್ಣೀರಿನಲ್ಲಿ ಬಿತ್ತುವವರು ಹಿಗ್ಗಿನಿಂದ ಕೊಯ್ಯುವ ಕೀರ್ತನೆಗೆ ಒಂದು ಮೊರ ಸಣ್ಣ ಈರುಳ್ಳಿ ಸುಲಿದೆ. ಅತ್ತದ್ದೂ ನಿಜ, ರಾತ್ರಿ ಮುದ್ದೆಗೆ ಈರುಳ್ಳಿ ಗೊಜ್ಜು ಉಂಡದ್ದೂ ನಿಜ, ಪಾಸಾದೆ. ನಿದ್ದೆ ದೇವರ ಕೊಡುಗೆ ಎಂಬ ಕೀರ್ತನೆಯ ಮಾರನೆಯ ದಿನ ಎಂಟೂವರೆಯವರೆಗೆ ಮಲಗಿದ್ದೆ. ಅನ್ವಯ ಹೇಳುವ ಮೊದಲೇ ಬೆನ್ನಿಗೆ ಬಿತ್ತು.

ನೂರ ಮೂವತ್ತೊಂದರಲ್ಲಿ ಮಾತ್ರ ಅಜ್ಜಿಯೇ ತಕರಾರು ತೆಗೆದಳು. ಹಾಲು ಬಿಡಿಸಿದ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣ ಸಮಾಧಾನವಾಗಿದೆ ಎಂಬ ಅರ್ಥದ ಮಾತು ಅದರಲ್ಲಿದೆ. ಅಜ್ಜಿ ಕನ್ನಡಕದ ಮೇಲಿಂದ ಬೈಬಲ್ಲನ್ನೇ ದಿಟ್ಟಿಸಿ ಹೇಳಿದಳು: "ಇದನ್ನ ಬರೆದೋನು ಗಂಡಸು ಕಣೇ. ಹಾಲು ಬಿಡಿಸಿದ ಕೂಸು ಮೂರು ದಿನ ಮನೆ ಹಾರಿಹೋಗೋ ಹಂಗೆ ಅಳ್ತದೆ. ಸಮಾಧಾನ ಆಗೋದು ನಾಲ್ಕನೇ ದಿನ." ಬೈಬಲ್ಲು ಮುಚ್ಚುತ್ತ, ಅವನು ನಾಲ್ಕನೇ ದಿನದ ಮಾತು ಹೇಳಿರಬೇಕು ಬುಡು ಎಂದು ತಾನೇ ರಾಜಿ ಮಾಡಿಕೊಂಡಳು.

ಹದಿನಾಲ್ಕನೆಯ ಸಂಜೆ ನೂರ ಮೂವತ್ತಮೂರು. ಮೂರೇ ವಾಕ್ಯ. ಅಣ್ಣತಮ್ಮಂದಿರು ಒಂದಾಗಿ ಇರುವುದು ಎಷ್ಟು ಚೆನ್ನ, ಅದು ಯಾಜಕನ ತಲೆಗೆ ಸುರಿದ ಎಣ್ಣೆ ಗಡ್ಡದ ಮೇಲೆ ಇಳಿದು ಬರುವ ಹಾಗೆ ಎನ್ನುತ್ತದೆ. ಓದಿದವಳು ನಾನು. ನಾಳೆ ಬೆಳಗ್ಗೆ ನಾನು ಹೋಗಬೇಕು, ಮಧ್ಯಾಹ್ನ ಲಿಲ್ಲಿ ಬರಬೇಕು, ಇನ್ನು ಮುಂದಿನ ಬೇಸಿಗೆಗಳೆಲ್ಲ ಹೀಗೇ.

"ಅಜ್ಜಿ, ಇದನ್ನ ನಾನು ಹೆಂಗೆ ಅನ್ವಯ ಮಾಡ್ಲಿ? ನಂಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಇರೋದು ನಿನ್ನ ಮಕ್ಕಳಿಗೆ," ಎಂದೆ.

ಅಜ್ಜಿ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬೈಬಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಮೂರು ವಾಕ್ಯಗಳನ್ನು ತಾನೇ ಇನ್ನೊಮ್ಮೆ ಬೆರಳಿಟ್ಟು ಓದಿದಳು. ಎಣ್ಣೆಯ ಕಡೆ ಬೆರಳು ನಿಂತಿತು.

"ಒಬ್ಬನಿಗಾದ್ರೂ ಗಡ್ಡ ಇದೆಯಲ್ಲ," ಎಂದಳು.

ಎದ್ದು ಚಪ್ಪಲಿ ಮೆಟ್ಟಿ ಬೂತಿಗೆ ಹೋದಳು. ನಾನೂ ಹಿಂದೆ ಹೋದೆ. ಚಿಕ್ಕಪ್ಪನ ಸ್ಟುಡಿಯೋ ಪಕ್ಕದ ಅಂಗಡಿಗೆ ಫೋನ್ ಮಾಡಿ, ಲಿಲ್ಲಿಯನ್ನು ಮಧ್ಯಾಹ್ನದ ಬದಲು ಬೆಳಗಿನ ಬಸ್ಸಿಗೇ ಕರೆದುಕೊಂಡು ಬರಬೇಕಂತೆ ಎಂದು ಹೇಳಿಸಿದಳು. ನನ್ನನ್ನು ಕರೆದೊಯ್ಯಲು ಅದೇ ಹೊತ್ತಿಗೆ ಅಣ್ಣನೂ ಬರುತ್ತಾನೆ ಎಂದು ಹೇಳಲಿಲ್ಲ. ವಾಪಸು ಬರುವಾಗ ಸುಳ್ಳು ನಾಲಿಗೆಯ ಕೀರ್ತನೆಯನ್ನು ಮನಸ್ಸಿನಲ್ಲೇ ತಿರುವಿ ಹಾಕಿದಂತೆ ಕಂಡಿತು. ಮನೆ ಬಾಗಿಲಲ್ಲಿ, ಕೇಳದೆ ಇರೋದನ್ನ ಹೇಳದೆ ಇರೋದು ಸುಳ್ಳಲ್ಲ ಎಂದು ತೀರ್ಪು ಕೊಟ್ಟಳು.

ಬೆಳಗ್ಗೆ ಅವರು ಬಂದದ್ದು ಒಂದೇ ಬಸ್ಸಿನಲ್ಲಿ. ಅಪ್ಪ ಮುಂದೆ ಕೂತಿದ್ದರಂತೆ, ಚಿಕ್ಕಪ್ಪ ಲಿಲ್ಲಿಯ ಜೊತೆ ಹಿಂದೆ. ತುಮಕೂರಿನಿಂದ ಗುಬ್ಬಿಯವರೆಗೆ ದೊಡ್ಡಪ್ಪ ಒಂದು ಸಲವೂ ತಿರುಗಲಿಲ್ಲ, ತನ್ನಪ್ಪ ಅವರ ಬೆನ್ನಿನಿಂದ ಒಂದು ಸಲವೂ ಕಣ್ಣು ಕೀಳಲಿಲ್ಲ ಎಂದು ಲಿಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡವಳು ಬಿಡಲಿಲ್ಲ.

ಹಿತ್ತಲಲ್ಲಿ ನುಗ್ಗೆಮರದ ಕೆಳಗೆ ಎರಡು ಮಣೆ ಹಾಕಿತ್ತು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕಬ್ಬಿಣದ ಬಾಣಲೆಯಲ್ಲಿ ಅರ್ಧ ಲೀಟರ್ ಹರಳೆಣ್ಣೆ ಬೆಚ್ಚಗಾಗುತ್ತಿತ್ತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಬ್ಬರಿಗೂ ಒಂದೊಂದು ಟವಲ್ ಎಸೆದಳು.

"ಅಂಗಿ ಬಿಚ್ಚಿ ಕೂತ್ಕೊಳ್ರೋ."

ಅಪ್ಪ ಶಾಲೆಯ ಪೇಪರ್ ತಿದ್ದುವುದಿದೆ ಎಂದರು. ಚಿಕ್ಕಪ್ಪ ಮದುವೆ ಆರ್ಡರ್ ಇದೆ ಎಂದರು. ಇಬ್ಬರೂ ಹೇಳಿದ್ದು ಅಜ್ಜಿಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲೇ ಇಲ್ಲವೆಂಬಂತೆ. ಅಜ್ಜಿ ಅವರಿಬ್ಬರ ಹೆರಿಗೆಯೂ ಎಷ್ಟೆಷ್ಟು ಹೊತ್ತು ಹಿಡಿಯಿತು ಎಂಬುದನ್ನು ಸಾವಕಾಶವಾಗಿ ಹೇಳತೊಡಗಿದಳು. ನಮ್ಮೆದುರಿಗೆ ಅದು ಮುಂದುವರಿಯದಿರಲೆಂದೋ ಏನೋ, ಇಬ್ಬರೂ ಕೂತರು. ಬೆನ್ನಿಗೆ ಬೆನ್ನು ಹಾಕಿ ಕೂತರು.

ಹರಳೆಣ್ಣೆ ಬಿದ್ದ ಮೇಲೆ ಅವರು ಅಜ್ಜಿಯ ವಶ. ಜಿಡ್ಡು ಅಂಟಂಟು, ಬಿಸಿನೀರು, ಸೀಗೆಪುಡಿ ಇಲ್ಲದೆ ಬಿಡುವುದಿಲ್ಲ. ಅಂಗಿ ಹಾಕುವಂತಿಲ್ಲ, ಬಸ್ಸು ಹತ್ತುವಂತಿಲ್ಲ. ನೆತ್ತಿಯಿಂದ ಶುರುವಾದ ಎಣ್ಣೆ ಅಪ್ಪನ ಗಡ್ಡವಿಲ್ಲದ ಮುಖದ ಮೇಲೆ ದಾರಿ ಹುಡುಕಿ ಇಳಿಯಿತು. ಚಿಕ್ಕಪ್ಪನ ಗಡ್ಡದ ಮೇಲೆ ಮಾತ್ರ ಶಾಸ್ತ್ರೋಕ್ತವಾಗಿ ಇಳಿಯಿತು. ಎರಡು ತಲೆಗೂ ಎಣ್ಣೆ ಒತ್ತಿ ಕೈ ತೊಳೆದುಕೊಂಡ ಅಜ್ಜಿ ಸೀಗೆಪುಡಿಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ಮಾತಾಡಿ. ಆಮೇಲೆ ನೀರು."

ಒಂದು ಗಂಟೆ ಹೋಯಿತು. ನಾನೂ ಲಿಲ್ಲಿಯೂ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದೆವು. ಒಳಗೆ ಅಳಗುಳಿಮಣೆಯ ಗುಳಿಗಳಲ್ಲಿ ಹುಣಸೆಬೀಜ ತುಂಬಿಟ್ಟಿದ್ದೆ, ಎರಡು ಚಿಗಳಿ ಮಾಡಿಸಿಟ್ಟಿದ್ದೆ. ಅವಳು ಬಂದ ಕೂಡಲೇ ಆಡೋಣ ಎಂದಿದ್ದವಳು ಈಗ ಅಲುಗಲಿಲ್ಲ. ಅವಳೂ ಅಲುಗಲಿಲ್ಲ. ಅವರು ಮಾತಾಡಿಬಿಟ್ಟರೆ ಆಡಲು ಇಡೀ ರಜವಿದೆಯಲ್ಲ ಎಂಬುದು ನಮ್ಮ ಲೆಕ್ಕ.

ಪಕ್ಕದ ಮನೆಯ ಸೈಕಲ್ ಶಾಪಿನ ಬಾಷಾ ಸಾಬರು ಗೋಡೆಯಾಚೆಯಿಂದ ಕತ್ತು ಚಾಚಿದರು. ಅವರ ಐದೂ ಮಕ್ಕಳು ಅಜ್ಜಿಯ ಕಾಲ ಮೇಲೆ ಮಿಂದವರು. ಎಣ್ಣೆಯಲ್ಲಿ ಹೊಳೆಯುತ್ತಿದ್ದ ನಲವತ್ತು ದಾಟಿದ ಎರಡು ದೇಹಗಳನ್ನು ನೋಡಿ, "ಏನ್ ನರ್ಸಮ್ಮ, ಈ ವಯಸ್ಸಲ್ಲಿ ಅವಳಿ ಜವಳಿನಾ?" ಎಂದರು.

"ಕಷ್ಟದ ಹೆರಿಗೆ ಸಾಬ್ರೆ. ಇನ್ನೂ ಅತ್ತಿಲ್ಲ," ಎಂದಳು ಅಜ್ಜಿ.

ಚಿಕ್ಕಪ್ಪನ ಬೆನ್ನು ಅಲುಗಿತು. ಅವರು ನಗುತ್ತಿದ್ದರು. ಬೆನ್ನಿಗೆ ಬೆನ್ನು ತಾಗಿದ್ದರಿಂದ ಅದು ಅಪ್ಪನಿಗೂ ದಾಟಿತು. ಅಪ್ಪ ನಗಲು ಬಾಯಿ ತೆರೆದರು, ಹುಬ್ಬಿನ ಎಣ್ಣೆ ಕಣ್ಣಿಗಿಳಿಯಿತು, ಕಣ್ಣುಜ್ಜಿದರು, ಇನ್ನೂ ಉರಿಯಿತು.

"ಉಜ್ಜಬೇಡಣ್ಣ. ತಡಿ," ಎಂದು ಚಿಕ್ಕಪ್ಪ ತಿರುಗಿ ತಮ್ಮ ಟವಲಿನ ಒಣ ತುದಿಯಿಂದ ಅಪ್ಪನ ಕಣ್ಣು ಒರೆಸಿದರು.

ಎಷ್ಟೋ ತಿಂಗಳ ಮೇಲೆ ಮೊದಲ ಮಾತು. ಲಿಲ್ಲಿ ನನ್ನ ತೊಡೆ ಚಿವುಟಿದಳು. ಅಜ್ಜಿ ಎದ್ದು ಹಂಡೆಯಿಂದ ಮೊದಲ ತಂಬಿಗೆ ನೀರು ಮೊಗೆದಳು. ಇಬ್ಬರ ತಲೆಗೂ ಸೀಗೆಪುಡಿ ಮೆತ್ತಿದಳು. ನೂರ ಮೂವತ್ತಮೂರನೆಯ ಕೀರ್ತನೆ ಅಕ್ಷರಶಃ ನೆರವೇರಿತೆಂದು ನಾನು ಸಂಜೆ ಒಪ್ಪಿಸಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಿಕ್ಕಪ್ಪ ದೊಡ್ಡ ಮನಸ್ಸು ಮಾಡಿದರು.

"ಅಣ್ಣ, ಹೋಗ್ಲಿ ಬಿಡು. ಇಪ್ಪತ್ತಮೂರೇ ಬರೆಸೋಣ."

ಅಪ್ಪ ಸೀಗೆಪುಡಿ ಮೆತ್ತಿದ ತಲೆ ಅಲ್ಲಾಡಿಸಿದರು. ಅವರಿಗೂ ದೊಡ್ಡ ಮನಸ್ಸು ಬಂತು.

"ಬೇಡ ಕಣೋ. ನಿಂದೇ ಇರ್ಲಿ. ಅಪ್ಪ ಸೈಕಲ್ ಮೇಲೆ ಅದನ್ನೇ ಹೇಳ್ತಿದ್ದಿದ್ದು ನಂಗೂ ಗೊತ್ತು."

"ನಾನು ಬಿಟ್ಟುಕೊಟ್ಟಾಯ್ತಲ್ಲಣ್ಣ."

"ನೀನು ಬಿಟ್ಟುಕೊಟ್ಟಿದ್ದನ್ನ ನಾನು ತಗೊಂಡ್ರೆ ಚರ್ಚಲ್ಲಿ ಏನಂತಾರೆ? ದೊಡ್ಡೋನು ತಮ್ಮನ ಬಾಯಿ ಮುಚ್ಚಿಸ್ದ ಅಂತಾರೆ."

"ಅಂದ್ರೆ ಅಪ್ಪನ ಕಲ್ಲಿಗಿಂತ ನಿನ್ನ ಹೆಸರು ದೊಡ್ಡದು ನಿಂಗೆ."

"ನಾನು ತಗ್ಗಿ ಹೇಳ್ತಿದೀನಿ ವಿಕ್ಟರ್."

"ನಾನು ನಿನಗಿಂತ ಮುಂಚೆ ತಗ್ಗಿದ್ದು."

ದೀನತೆಯಲ್ಲಿ ಮೊದಲನೆಯ ಸ್ಥಾನ ಯಾರಿಗೆ ಎಂಬುದರ ಮೇಲೆ ಅವರು ಮುಂದಿನ ಕಾಲು ಗಂಟೆ ಕಾದಾಡಿದರು. ಅಪ್ಪ ಈಗ ನೂರ ಇಪ್ಪತ್ತೊಂದರ ಪರ, ಚಿಕ್ಕಪ್ಪ ಇಪ್ಪತ್ತಮೂರರ ಪರ. ಹಿಂದಿನ ಹನ್ನೊಂದು ತಿಂಗಳು ಕಂಡಕಂಡವರ ಮುಂದೆ ಆಡಿದ ವಾದಗಳನ್ನೇ ಅದಲು ಬದಲು ಮಾಡಿಕೊಂಡು, ಅಷ್ಟೇ ಕೋಪದಿಂದ ಆಡಿದರು. ಗರ್ವದಿಂದ ಹುಟ್ಟಿದ ಜಗಳಕ್ಕೆ ಕೀರ್ತನೆಗಳಲ್ಲಿ ಮದ್ದಿದೆ. ವಿನಯದಿಂದ ಹುಟ್ಟಿದ ಜಗಳಕ್ಕೆ ಎಷ್ಟನೆಯದು ಓದಬೇಕೆಂದು ನನಗೆ ಈಗಲೂ ಗೊತ್ತಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಅಪ್ಪ, ನಿನ್ನೆ ನಾವು ಓದಿದ್ದು ನೂರ ಮೂವತ್ತಮೂರು. ಅದನ್ನೇ ಬರೆಸಿದ್ರೆ?" ಎಂದೆ.

ಇಬ್ಬರೂ ಒಂದೇ ಉಸಿರಿಗೆ, ದೊಡ್ಡೋರ ಮಧ್ಯೆ ಬಾಯಿ ಹಾಕಬೇಡ ಎಂದರು. ಆ ದಿನ ಅವರಿಬ್ಬರೂ ಒಪ್ಪಿಕೊಂಡ ವಿಷಯ ಅದೊಂದೇ.

ಅಪ್ಪ ಅರ್ಧ ತೊಳೆದ ತಲೆಗೇ ಟವಲ್ ಸುತ್ತಿ ಅಂಗಿ ಹಾಕಿಕೊಂಡರು. ಕೊರಳಪಟ್ಟಿಯಲ್ಲಿ ಸೀಗೆಪುಡಿಯ ಕಂದು ಗೆರೆ. ನನ್ನ ಚೀಲ ಎತ್ತಿಕೊಂಡು, ನಡಿ ಎಂದರು. ಚಿಕ್ಕಪ್ಪ ಗಡ್ಡ ಹಿಂಡುತ್ತ ಮುಂದಿನ ಬಾಗಿಲಿಂದ ಹೊರಟರು, ನಾವು ಹಿತ್ತಲ ಬಾಗಿಲಿಂದ. ಲಿಲ್ಲಿ ಹೊಸ್ತಿಲಲ್ಲೇ ನಿಂತಿದ್ದಳು. ಒಂದು ಚಿಗಳಿಯನ್ನಾದರೂ ತೆಗೆದುಕೋ ಎಂದು ಹೇಳಬೇಕೆಂದಿದ್ದೆ, ಅದೂ ಆಗಲಿಲ್ಲ. ಅಜ್ಜಿ ಬಾಣಲೆಯ ತಳದಲ್ಲಿ ಉಳಿದ ಎಣ್ಣೆಯನ್ನು ಬೆರಳಿನಿಂದ ಬಳಿದು ತನ್ನ ಮಂಡಿಗೆ ತಿಕ್ಕಿಕೊಳ್ಳುತ್ತಿದ್ದಳು.

"ಕೂಸುಗಳಾದ್ರೆ ಮಲಗಿಬಿಡ್ತವೆ," ಎಂದಳು. ಯಾರಿಗೆ ಹೇಳಿದಳೋ.

ಆ ಸಂಜೆ ನೂರ ಮೂವತ್ತನಾಲ್ಕು ಓದಿದರಂತೆ. ಅಜ್ಜಿ ಲಿಲ್ಲಿಯ ಬಳಿ ಅನ್ವಯ ಕೇಳಲಿಲ್ಲವಂತೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಜ್ಜಿಯ ಮಣ್ಣಿನ ದಿನ, ಲಿಲ್ಲಿಯೇ ಹೇಳಿದಾಗ. ಅಜ್ಜಿ ತನ್ನ ಕಲ್ಲಿಗೆ ಬರೀ ಹೆಸರು ಸಾಕು, ವಾಕ್ಯ ಗೀಕ್ಯ ಬೇಡ ಎಂದು ಅಯ್ಯನವರಿಗೆ ಮೊದಲೇ ಹೇಳಿಟ್ಟಿದ್ದಳು. ಹೆಸರು ನೋಡಿ ಊರವರು ಇದು ಯಾರದೆಂದು ಕೇಳಿದರು. ನರ್ಸಮ್ಮನದು ಎಂದು ವಿವರಿಸಬೇಕಾಯಿತು.

ಅಪ್ಪನೂ ಚಿಕ್ಕಪ್ಪನೂ ಕಾಲಾನಂತರದಲ್ಲಿ ಮಾತಾಡತೊಡಗಿದರು. ಮದುವೆ, ಆಸ್ಪತ್ರೆ, ಹವಾಮಾನ, ಇಷ್ಟರ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಾರೆ. ಕಲ್ಲಿನ ವಿಷಯ ಬಂದರೆ ಒಬ್ಬರು ನೀನು ಹೇಳಿದ್ದೇ ಆಗಲಿ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ನೀನು ಹೇಳಿದ್ದೇ ಆಗಲಿ ಎನ್ನುತ್ತಾರೆ, ಅಲ್ಲಿಗೆ ಬಿಡುತ್ತಾರೆ. ಈಗ ಬೆಳಗಾದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಇಬ್ಬರೂ ಒಂದೊಂದು ಕೀರ್ತನೆ ಕಳಿಸುತ್ತಾರೆ, ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದದ್ದು. ಹಾಸನದಿಂದ ಲಿಲ್ಲಿ ಕೈ ಮುಗಿಯುವ ಚಿಹ್ನೆ ಒತ್ತುತ್ತಾಳೆ. ನಾನೂ ಒತ್ತುತ್ತೇನೆ. ಅಕ್ಷರ ದೊಡ್ಡದಾಗಿದೆ, ಬೆಳಕಿಗೇನೂ ಕೊರತೆಯಿಲ್ಲ, ಓದುವುದು ಕೊನೆಗೂ ನಿಜವಾಗಿ ಸುಲಭವಾಗಿದೆ. ಮಾರನೆಯ ಸಂಜೆ ಏಳಕ್ಕೆ ಅನ್ವಯ ಏನು ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ಒಂದು 'ಆಮೆನ್' ಹಾಕಿದರೆ ಪಾಸು.

ನನಗೆ ಸಿಟ್ಟು ಬರುವುದು ಅವರ ಮೇಲಲ್ಲ. ಆ ದಿನ ನಮ್ಮಿಬ್ಬರಿಗೆ ಸುಮಾರು ಎರಡು ಗಂಟೆ ಸಿಕ್ಕಿತ್ತು. ಬೀಜ ತುಂಬಿದ ಮಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ಆ ಎರಡು ಗಂಟೆಯನ್ನೂ ಇಬ್ಬರು ಗಂಡಸರ ಎಣ್ಣೆ ಬೆನ್ನು ನೋಡುತ್ತ ಕಳೆದೆವು. ಮುಂದಿನ ಬೇಸಿಗೆ ಅವಳಿಗೆ ಹೊಲಿಗೆ ಕ್ಲಾಸು, ನನಗೆ ಟ್ಯೂಷನ್ನು. ಗುಬ್ಬಿಯಲ್ಲಿ ನಾವಿಬ್ಬರೂ ಮತ್ತೆ ಒಟ್ಟಿಗೆ ರಜ ಕಳೆಯಲಿಲ್ಲ.

ಬೋರಣ್ಣ ಆ ವರ್ಷ ಮಳೆಗಾಲಕ್ಕೆ ಮುಂಚೆ ಕಲ್ಲನ್ನು ತಂದು ತಾನೇ ನಿಲ್ಲಿಸಿ ಹೋದ. ಹೋದ ತಿಂಗಳು ನೋಡಿ ಬಂದೆ. ಮೇಲೆ ತಾತನ ಹೆಸರಿದೆ, ಎರಡು ತಾರೀಖುಗಳಿವೆ. ಕೆಳಗಿನ ಅರ್ಧ ಖಾಲಿ ಇದೆ.